ಮೊರದ ಮೇಲಿನ ದುಡಿಮೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಪುತ್ತೂರು, ಬೆಳ್ತಂಗಡಿ ಮೊದಲಾದ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಧ್ಯಾಹ್ನದ ಹೊತ್ತು ನಡೆದು ಹೋಗುವವರಿಗೆ ಒಂದು ನೋಟ ಮತ್ತೆ ಮತ್ತೆ ಕಾಣಸಿಗುತ್ತದೆ. ಮನೆಯ ಜಗಲಿಯಲ್ಲಿ ಹೆಂಗಸರು ಗೋಡೆಗೆ ಒರಗಿ ಕುಳಿತಿರುತ್ತಾರೆ. ಪ್ರತಿಯೊಬ್ಬರ ಮಡಿಲಲ್ಲಿಯೂ ಒಂದು ಮೊರ. ಮೊರದಲ್ಲಿ ಕತ್ತರಿಸಿದ ಎಲೆ, ತಂಬಾಕಿನ ಪುಡಿ, ನೂಲಿನ ಉಂಡೆ, ಒಂದು ಕತ್ತರಿ. ಮಾತು ನಡೆಯುತ್ತಿರುತ್ತದೆ, ಕಣ್ಣು ಅಂಗಳದಲ್ಲಿ ಆಡುವ ಮಗುವಿನ ಮೇಲಿರುತ್ತದೆ, ಬೆರಳುಗಳು ಮಾತ್ರ ಕ್ಷಣವೂ ನಿಲ್ಲುವುದಿಲ್ಲ. ಹೊರಗಿನಿಂದ ನೋಡುವವರಿಗೆ ಇದು ಬಿಡುವಿನ ವೇಳೆಯನ್ನು ಕಳೆಯುವ ಕೈಗೆಲಸದಂತೆ ತೋರಬಹುದು. ವಾಸ್ತವದಲ್ಲಿ ಅದು ಒಂದು ದೊಡ್ಡ ಉದ್ಯಮದ ಕಾರ್ಖಾನೆಯೇ ಆಗಿದೆ. ಆ ಕಾರ್ಖಾನೆಗೆ ಗೋಡೆಯಿಲ್ಲ, ಗಂಟೆಯಿಲ್ಲ, ಮೇಸ್ತ್ರಿಯಿಲ್ಲ ಎಂಬುದಷ್ಟೇ ವ್ಯತ್ಯಾಸ.

ಭಾರತದಲ್ಲಿ ಬೀಡಿ ಕಟ್ಟುವವರೆಂದು ಸರ್ಕಾರದಲ್ಲಿ ನೋಂದಾಯಿತರಾಗಿರುವವರ ಸಂಖ್ಯೆ ಸುಮಾರು 50 ಲಕ್ಷ. ಅವರಲ್ಲಿ ಹೆಚ್ಚಿನವರು ಸ್ತ್ರೀಯರು. ಬಹುಪಾಲು ಜನ ತಮ್ಮ ಮನೆಗಳಲ್ಲಿಯೇ ಕುಳಿತು ದುಡಿಯುವವರು. ಇಂಥವರನ್ನು ಅರ್ಥಶಾಸ್ತ್ರದಲ್ಲಿ ಅಸಂಘಟಿತ ವಲಯದ ಕಾರ್ಮಿಕರೆಂದು ಕರೆಯುತ್ತಾರೆ. ನೇಮಕಾತಿಯ ಪತ್ರ, ತಿಂಗಳ ಸಂಬಳ, ಸಂಬಳ ಸಹಿತ ರಜೆ, ಕಾಯಿಲೆಗೆ ಚಿಕಿತ್ಸೆ, ವೃದ್ಧಾಪ್ಯಕ್ಕೆ ನಿವೃತ್ತಿ ವೇತನ ಇವು ಯಾವುವೂ ತಾವಾಗಿಯೇ ದೊರೆಯದ ಕೆಲಸಗಾರರೆಲ್ಲರೂ ಈ ಗುಂಪಿಗೆ ಸೇರುತ್ತಾರೆ. ಬೀದಿಯಲ್ಲಿ ತರಕಾರಿ ಮಾರುವವರು, ಮನೆಗೆಲಸದವರು, ಕಟ್ಟಡದ ಕೂಲಿಗಳು, ಹೊಲದ ಆಳುಗಳು, ಅಗರಬತ್ತಿ ಹೊಸೆಯುವವರು ಎಲ್ಲರೂ ಇವರೇ. ಅರ್ಜುನ್ ಸೇನ್‌ಗುಪ್ತ ಅವರ ಅಧ್ಯಕ್ಷತೆಯಲ್ಲಿ 2004ರಲ್ಲಿ ನೇಮಕವಾದ ರಾಷ್ಟ್ರೀಯ ಆಯೋಗವು, ದೇಶದ ದುಡಿಯುವ ಜನರಲ್ಲಿ ನೂರಕ್ಕೆ ತೊಂಬತ್ತಕ್ಕಿಂತಲೂ ಹೆಚ್ಚು ಮಂದಿ ಇಂಥ ಸ್ಥಿತಿಯಲ್ಲಿದ್ದಾರೆಂದು ಲೆಕ್ಕ ಹಾಕಿತು. ಆದುದರಿಂದ ಮೊರದ ಮುಂದೆ ಕುಳಿತ ಆ ಸ್ತ್ರೀಯ ಕಥೆ ಕೇವಲ ಒಂದು ಜಿಲ್ಲೆಯ ಕಥೆಯಲ್ಲ. ದೇಶದ ಬಹುಸಂಖ್ಯಾತ ದುಡಿಮೆಗಾರರ ಕಥೆಯೇ ಆಗಿದೆ.

ಬೀಡಿಯ ಹುಟ್ಟನ್ನು ನೋಡಿದರೆ ಈ ಉದ್ಯಮದ ವಿಸ್ತಾರ ತಿಳಿಯುತ್ತದೆ. ಎಲೆ ಬರುವುದು ಮಧ್ಯಪ್ರದೇಶ, ಛತ್ತೀಸಗಢ, ಒಡಿಶಾ ಮುಂತಾದ ರಾಜ್ಯಗಳ ಕಾಡುಗಳಿಂದ. ಬೇಸಗೆಯ ಉರಿಬಿಸಿಲಿನಲ್ಲಿ ಅಲ್ಲಿಯ ಆದಿವಾಸಿಗಳು ತೆಂಡು ಮರದ ಎಲೆಯನ್ನು ಕೊಯ್ದು, ಕಟ್ಟು ಕಟ್ಟಿ, ಒಣಗಿಸಿ ಕೊಡುತ್ತಾರೆ. ತಂಬಾಕು ಬೆಳಗಾವಿ ಜಿಲ್ಲೆಯ ನಿಪ್ಪಾಣಿಯ ಸುತ್ತಲಿನ ಹೊಲಗಳಿಂದಲೂ ಗುಜರಾತಿನಿಂದಲೂ ಬರುತ್ತದೆ. ಇವೆರಡೂ ಕಂತ್ರಾಟುದಾರನ ಮೂಲಕ ಮನೆಯ ಜಗಲಿಯನ್ನು ತಲುಪುತ್ತವೆ. ಕೆಲಸಗಾರಳು ಎಲೆಯನ್ನು ನೀರಿನಲ್ಲಿ ನೆನೆಸಿ, ಒದ್ದೆಯ ಬಟ್ಟೆಯಲ್ಲಿ ಸುತ್ತಿ ಮೆದುವಾಗಿಸುತ್ತಾಳೆ. ಮರುದಿನ ಲೋಹದ ಅಚ್ಚನ್ನು ಎಲೆಯ ಮೇಲಿಟ್ಟು ಅದರ ಅಳತೆಗೆ ಸರಿಯಾಗಿ ಕತ್ತರಿಸುತ್ತಾಳೆ. ಚಿಟಿಕೆ ತಂಬಾಕನ್ನು ಉದ್ದಕ್ಕೆ ಹರವಿ, ಒಂದು ತುದಿ ಕಿರಿದಾಗಿಯೂ ಇನ್ನೊಂದು ತುದಿ ಅಗಲವಾಗಿಯೂ ಇರುವಂತೆ ಸುರುಳಿ ಸುತ್ತಿ, ಬಾಯನ್ನು ಮಡಿಚಿ, ನೂಲಿನಿಂದ ಬಿಗಿಯುತ್ತಾಳೆ. ಇಪ್ಪತ್ತೈದು ಬೀಡಿಗಳಿಗೆ ಒಂದು ಕಟ್ಟು. ನುರಿತ ಕೈಯಾದರೆ ದಿನವಿಡೀ ಕುಳಿತು ಸುಮಾರು ಒಂದು ಸಾವಿರ ಬೀಡಿಗಳನ್ನು ಕಟ್ಟಬಹುದು. ಅಡುಗೆ, ನೀರು, ದನಕರು, ಮಕ್ಕಳು ಇವುಗಳ ನಡುವೆ ಅದಕ್ಕಿಂತ ಕಡಿಮೆಯೇ ಆಗುತ್ತದೆ. ಕೂಲಿಯನ್ನು ಲೆಕ್ಕ ಹಾಕುವುದು ಗಂಟೆಗಳಿಂದಲ್ಲ, ಸಾವಿರಕ್ಕೆ ಇಷ್ಟು ಎಂದು.

ಕಟ್ಟಿದ ಬೀಡಿಗಳನ್ನು ಕೆಲಸಗಾರಳು ಊರಿನ ‘ಬ್ರಾಂಚಿ’ಗೆ ಒಯ್ಯುತ್ತಾಳೆ. ಬ್ರಾಂಚೆಂದರೆ ಕಂತ್ರಾಟುದಾರನ ಒಂದು ಚಿಕ್ಕ ಕೋಣೆ. ಅಲ್ಲಿ ಕಟ್ಟುಗಳನ್ನು ಬಿಚ್ಚಿ ಪರೀಕ್ಷಿಸುತ್ತಾರೆ. ಸಡಿಲವಾದುದು, ಉದ್ದ ಕಡಿಮೆಯಾದುದು, ಎಲೆ ಬಿರಿದುದು ಇವೆಲ್ಲವನ್ನೂ ಬೇರೆಯಾಗಿ ತೆಗೆದಿಡುತ್ತಾರೆ. ಹೀಗೆ ತಿರಸ್ಕರಿಸಿದ ಬೀಡಿಗಳಿಗೆ ಕೂಲಿ ದೊರೆಯದು. ಅವನ್ನು ಕಟ್ಟಲು ತಗಲಿದ ಹೊತ್ತು ನಷ್ಟವಾಗುತ್ತದೆ. ಕೊಟ್ಟ ಎಲೆಯೇ ಹುಳುಕಾಗಿದ್ದರೆ ಅಥವಾ ತೂಕ ಕಡಿಮೆಯಿದ್ದರೆ ಲೆಕ್ಕಕ್ಕೆ ತಕ್ಕಷ್ಟು ಬೀಡಿಗಳು ಬರುವುದಿಲ್ಲ. ಕೊರತೆಯನ್ನು ತುಂಬಲು ಕೆಲಸಗಾರಳೇ ಕೈಯಿಂದ ಹಣ ಕೊಟ್ಟು ಎಲೆಯನ್ನು ಕೊಳ್ಳಬೇಕಾದ ಪ್ರಸಂಗಗಳುಂಟು. ಇದನ್ನು ಯಾರೊಡನೆ ಪ್ರಶ್ನಿಸಬೇಕು? ಕಂತ್ರಾಟುದಾರನನ್ನು ಕೇಳಿದರೆ ಅವನು ಮಂಗಳೂರಿನ ಕಂಪೆನಿಯತ್ತ ಕೈ ತೋರಿಸುತ್ತಾನೆ. ಕಂಪೆನಿಯನ್ನು ಕೇಳಿದರೆ ಅದು ತನ್ನ ವ್ಯವಹಾರವೆಲ್ಲ ಕಂತ್ರಾಟುದಾರನೊಡನೆ ಮಾತ್ರವೆನ್ನುತ್ತದೆ. ದುಡಿಯುವ ಕೈ ಕಣ್ಣಿಗೆ ಕಾಣುತ್ತದೆ. ದುಡಿಸಿಕೊಳ್ಳುವ ಯಜಮಾನ ಮಾತ್ರ ಕಾಣುವುದಿಲ್ಲ. ಮನೆಯಲ್ಲಿ ದುಡಿಯುವವರ ಕಷ್ಟಗಳಿಗೆಲ್ಲ ಇದೇ ಮೂಲ.

ಈ ಕಷ್ಟವು ನ್ಯಾಯಾಲಯಗಳಿಗೂ ತೊಡಕಾಗಿಯೇ ಪರಿಣಮಿಸಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, ಎಂದರೆ 1948ರಲ್ಲಿ, ಕಾರ್ಖಾನೆಗಳ ಕಾನೂನೂ ಕನಿಷ್ಠ ವೇತನದ ಕಾನೂನೂ ರಚನೆಯಾದವು. ಆದರೆ ಕಾರ್ಖಾನೆಯ ಕಾನೂನು ಕಾರ್ಖಾನೆಯೊಳಗಿನ ಕಾರ್ಮಿಕನಿಗಾಗಿ ಬರೆದುದು. ಮಧ್ಯಪ್ರದೇಶದ ಒಂದು ಬೀಡಿ ಕಾರ್ಖಾನೆಯ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ತೀರ್ಪು ನೀಡುತ್ತ, ಹೊರಗೆ ಬೀಡಿ ಕಟ್ಟಿಸಿ ತಂದೊಪ್ಪಿಸುವ ಮಧ್ಯವರ್ತಿಗಳು ಸ್ವತಂತ್ರ ಕಂತ್ರಾಟುದಾರರೇ ಹೊರತು ಆ ಕಾರ್ಖಾನೆಯ ಕೆಲಸಗಾರರಲ್ಲವೆಂದು ಹೇಳಿತು. ಯಜಮಾನನು ಕೆಲಸದ ರೀತಿಯನ್ನು ಬಳಿಯಲ್ಲಿ ನಿಂತು ನಿಯಂತ್ರಿಸಿದರೆ ಮಾತ್ರ ಅವನು ಯಜಮಾನ, ಇಲ್ಲದಿದ್ದರೆ ಕೇವಲ ಗಿರಾಕಿ ಎಂಬ ಹಳೆಯ ತತ್ವ ಅಂದು ಬಳಕೆಯಲ್ಲಿತ್ತು. ಈ ತತ್ವದಿಂದಾಗಿ ಕೆಲಸವನ್ನು ಕಾರ್ಖಾನೆಯಿಂದ ಮನೆಗಳಿಗೆ ಹಂಚಿದಷ್ಟೂ ಉದ್ಯಮಿಯ ಹೊಣೆ ಹಗುರವಾಗುತ್ತಿತ್ತು.

ಈ ಕೊರತೆಯನ್ನು ನೀಗಿಸಲು ಸಂಸತ್ತು 1966ರಲ್ಲಿ ಬೀಡಿ ಮತ್ತು ಸಿಗಾರು ಕೆಲಸಗಾರರ ಉದ್ಯೋಗ ಪರಿಸ್ಥಿತಿಗಳ ಕಾಯಿದೆಯನ್ನು ಮಾಡಿತು. ಕಂತ್ರಾಟುದಾರನಿಂದ ಎಲೆ ತಂಬಾಕುಗಳನ್ನು ಪಡೆದು ಮನೆಯಲ್ಲಿ ಬೀಡಿ ಕಟ್ಟುವವಳನ್ನೂ ‘ಕೆಲಸಗಾರ’ ಎಂಬ ಪದದ ಅರ್ಥದೊಳಗೆ ಅದು ಸೇರಿಸಿತು. ಕಂತ್ರಾಟುದಾರನ ಬೆನ್ನ ಹಿಂದಿರುವ ಉದ್ಯಮಿಯನ್ನು ಪ್ರಧಾನ ಯಜಮಾನನೆಂದು ಹೆಸರಿಸಿತು. ಕೆಲಸದ ಸ್ಥಳಗಳಿಗೆ ಪರವಾನಗಿ ಕಡ್ಡಾಯವಾಯಿತು. ಅಲ್ಲಿ ದುಡಿಮೆಯ ಅವಧಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದೆಂದಾಯಿತು. ಎಲೆ ಹಂಚುವಿಕೆ, ಬೀಡಿಗಳ ತಿರಸ್ಕಾರ, ಅದಕ್ಕೆ ಸಂಬಂಧಿಸಿದ ಕೂಲಿ ಇವುಗಳ ಬಗೆಗಿನ ವಿವಾದಗಳನ್ನು ಶೀಘ್ರವಾಗಿ ತೀರ್ಮಾನಿಸಲು ಅಧಿಕಾರಿಗಳನ್ನು ನೇಮಿಸುವ ಏರ್ಪಾಡೂ ಆಯಿತು. ಮೊರದ ಮುಂದೆ ಕುಳಿತವಳನ್ನು ಕಾನೂನು ಹೀಗೆ ಹೆಸರು ಹಿಡಿದು ಗುರುತಿಸಿತು.

ಆದರೆ ಕಾಯಿದೆಯನ್ನು ಜಾರಿಗೆ ತರುವ ಹೊಣೆ ರಾಜ್ಯಗಳದಾಗಿತ್ತು. ಒಂದು ರಾಜ್ಯವು ಅದನ್ನು ಜಾರಿಗೊಳಿಸಿ ಮತ್ತೊಂದು ತಡಮಾಡಿದರೆ ಉದ್ಯಮವು ಸುಮ್ಮನೆ ಗಡಿ ದಾಟುತ್ತಿತ್ತು. ಏಕೆಂದರೆ ಬೀಡಿಯ ಉದ್ಯಮಕ್ಕೆ ಸಾಗಿಸಲಾರದ ಯಂತ್ರವಿಲ್ಲ, ಕೀಳಲಾರದ ಬೇರಿಲ್ಲ. 1968ರಲ್ಲಿ ಕೇರಳವು ಕಾಯಿದೆಯನ್ನು ಜಾರಿಗೆ ತಂದಾಗ ನಡೆದುದು ಇದೇ. ಕಣ್ಣೂರಿನ ಪ್ರದೇಶದಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರಿನ ದೊಡ್ಡ ಉದ್ಯಮಿಗಳು ತಮ್ಮ ಶಾಖೆಗಳನ್ನು ಮುಚ್ಚಿದರು. ಸುಮಾರು 12 ಸಾವಿರ ಕೆಲಸಗಾರರು ಒಮ್ಮೆಗೇ ಬೀದಿಗೆ ಬಿದ್ದರು. ಹಕ್ಕು ಕೈಗೆ ಬಂದ ಹೊತ್ತಿಗೆ ಕೆಲಸವೇ ಕೈ ಬಿಟ್ಟಿತ್ತು.

ಆ ಸಂಕಟದಿಂದಲೇ ಒಂದು ಹೊಸ ದಾರಿ ಹುಟ್ಟಿತು. ಕೆಲಸ ಕಳೆದುಕೊಂಡವರು ರಾಜ್ಯ ಸರ್ಕಾರದ ನೆರವಿನಿಂದ 1969ರ ಫೆಬ್ರವರಿಯಲ್ಲಿ ಕಣ್ಣೂರಿನಲ್ಲಿ ಕೇರಳ ದಿನೇಶ್ ಬೀಡಿ ಕೆಲಸಗಾರರ ಕೇಂದ್ರ ಸಹಕಾರ ಸಂಘವನ್ನು ಸ್ಥಾಪಿಸಿದರು. ಯಜಮಾನನಿಲ್ಲದೆ ಹೋದಾಗ ಕೆಲಸಗಾರರೇ ಯಜಮಾನರಾದರು. ಮನೆಗಳಲ್ಲಿ ಚದುರಿಹೋಗದೆ ವಿಶಾಲವಾದ ಕೆಲಸದ ಶಾಲೆಗಳಲ್ಲಿ ಜೊತೆಯಾಗಿ ಕುಳಿತು ಬೀಡಿ ಕಟ್ಟಿದರು. ಅಲ್ಲಿ ಒಂದು ಸೊಗಸಾದ ಪದ್ಧತಿಯಿತ್ತು. ಒಬ್ಬನು ಎದ್ದು ಎಲ್ಲರಿಗೂ ಕೇಳುವಂತೆ ವೃತ್ತಪತ್ರಿಕೆಯನ್ನೋ ಪುಸ್ತಕವನ್ನೋ ಓದುವನು. ಅವನ ಪಾಲಿನ ಬೀಡಿಗಳನ್ನು ಉಳಿದವರು ಕಟ್ಟಿಕೊಡುವರು. ಸಂಘದ ಏಳಿಗೆಯ ದಿನಗಳಲ್ಲಿ ಅದರಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿ ದುಡಿಯುತ್ತಿದ್ದರು. ಕಾಯಿದೆ ಹೇಳಿದ ಕೂಲಿ, ರಜೆ, ಭವಿಷ್ಯ ನಿಧಿಗಳನ್ನು ಕೊಟ್ಟೂ ಈ ಉದ್ಯಮವನ್ನು ನಡೆಸಬಹುದೆಂಬುದನ್ನು ಆ ಸಂಘವು ಲೆಕ್ಕಪತ್ರದ ಮೂಲಕವೇ ತೋರಿಸಿಕೊಟ್ಟಿತು.

ಇತ್ತ ಉದ್ಯಮಿಗಳು ಕಾಯಿದೆಯ ಸಿಂಧುತ್ವವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. ಮಂಗಳೂರಿನ ಒಂದು ಸಂಸ್ಥೆಯೂ ಸೇರಿದಂತೆ ಹಲವರು ಹೂಡಿದ ಮೊಕದ್ದಮೆಗಳನ್ನು ಸರ್ವೋಚ್ಚ ನ್ಯಾಯಾಲಯವು 1974ರಲ್ಲಿ ಇತ್ಯರ್ಥಗೊಳಿಸಿ ಕಾಯಿದೆಯನ್ನು ಎತ್ತಿಹಿಡಿಯಿತು. ಮನೆಯಲ್ಲಿ ದುಡಿಯುವವರ ಹೊಣೆಯನ್ನು ಪ್ರಧಾನ ಯಜಮಾನನ ಮೇಲೆ ಹೊರಿಸುವುದು ನ್ಯಾಯವೇ ಎಂದು ಒಪ್ಪಿತು. ಬಳಿಕ ಭವಿಷ್ಯ ನಿಧಿಯ ಪ್ರಶ್ನೆ ಬಂದಿತು. 1977ರಲ್ಲಿ ಬೀಡಿ ಉದ್ಯಮವನ್ನು ಭವಿಷ್ಯ ನಿಧಿಯ ಕಾನೂನಿನ ವ್ಯಾಪ್ತಿಗೆ ತಂದಾಗ, ಮನೆಯಲ್ಲಿ ಕುಳಿತವಳ ಮೇಲೆ ತಮಗೆ ಯಾವ ನಿಯಂತ್ರಣವೂ ಇಲ್ಲವೆಂದು ಕೆಲವು ಉದ್ಯಮಿಗಳು ವಾದಿಸಿದರು. 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಾದವನ್ನು ತಳ್ಳಿಹಾಕಿತು. ಅದು ಕೊಟ್ಟ ಕಾರಣವು ಗಮನಾರ್ಹವಾದುದು. ಬೀಡಿ ಕಟ್ಟುವುದು ಸರಳವಾದ ಕೆಲಸ. ಅದಕ್ಕೆ ಮೇಸ್ತ್ರಿಯು ಬಳಿಯಲ್ಲಿಯೇ ನಿಲ್ಲಬೇಕಾಗಿಲ್ಲ. ಕಟ್ಟಿದುದನ್ನು ಪರೀಕ್ಷಿಸಿ ಬೇಡವೆನ್ನುವ ಅಧಿಕಾರ ಉದ್ಯಮಿಗೆ ಇದೆಯಾದರೆ, ಆ ಅಧಿಕಾರವೇ ನಿಯಂತ್ರಣಕ್ಕೆ ಸಾಕ್ಷಿ. ಯಾವ ತಿರಸ್ಕಾರವು ಇಷ್ಟು ಕಾಲ ಕೆಲಸಗಾರಳ ಕೂಲಿಯನ್ನು ಕಡಿಯುತ್ತಿತ್ತೋ, ಅದೇ ತಿರಸ್ಕಾರವು ಅವಳಿಗೆ ಯಜಮಾನನೊಬ್ಬನಿದ್ದಾನೆ ಎಂಬುದನ್ನು ಸಿದ್ಧಪಡಿಸಿತು.

ಕೂಲಿಯೊಂದೇ ಜೀವನವಲ್ಲ. ದಿನವಿಡೀ ಕತ್ತು ಬಗ್ಗಿಸಿ ಕೂರುವುದರಿಂದ ಬೆನ್ನು, ಕುತ್ತಿಗೆ, ಸೊಂಟಗಳಲ್ಲಿ ನೋವು ನೆಲೆಸುತ್ತದೆ. ತಂಬಾಕಿನ ಧೂಳು ಉಸಿರಿನೊಡನೆ ಒಳಸೇರಿ ಕೆಮ್ಮು, ಉಬ್ಬಸಗಳನ್ನು ತರುತ್ತದೆ. ಮಂದ ಬೆಳಕಿನಲ್ಲಿ ಕಣ್ಣು ದಣಿಯುತ್ತದೆ. ಕಾರ್ಖಾನೆಯ ಧೂಳು ಕಾರ್ಖಾನೆಯಲ್ಲಿಯೇ ಉಳಿದೀತು. ಮನೆಯ ಧೂಳು ಅನ್ನದ ತಟ್ಟೆಗೂ ಮಗುವಿನ ತೊಟ್ಟಿಲಿಗೂ ಮುಟ್ಟುತ್ತದೆ. ಇಂಥವರ ಚಿಕಿತ್ಸೆ, ವಸತಿ, ಮಕ್ಕಳ ವಿದ್ಯಾರ್ಥಿವೇತನಗಳಿಗಾಗಿ 1976ರಲ್ಲಿ ಸಂಸತ್ತು ಒಂದು ಕಲ್ಯಾಣ ನಿಧಿಯನ್ನು ಏರ್ಪಡಿಸಿತು. ಬೀಡಿಗಳ ಮೇಲೆ ವಿಧಿಸಿದ ಸಣ್ಣ ಕರವೇ ಆ ನಿಧಿಯ ಮೂಲವಾಗಿತ್ತು. ಅದರಿಂದ ಔಷಧಾಲಯಗಳು ತೆರೆದವು. ಅನೇಕ ಬಡ ಮಕ್ಕಳು ಓದು ಮುಂದುವರಿಸಿದರು. 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಕರವು ರದ್ದಾಯಿತು. ಅಂದಿನಿಂದ ಈ ಕಲ್ಯಾಣ ಕಾರ್ಯಗಳು ಸರ್ಕಾರದ ಆಯವ್ಯಯದಲ್ಲಿ ದೊರೆಯುವ ಹಣವನ್ನು ಅವಲಂಬಿಸಿವೆ.

ಮಕ್ಕಳ ವಿಷಯವನ್ನೂ ಇಲ್ಲಿ ಹೇಳಲೇಬೇಕು. 1986ರ ಬಾಲಕಾರ್ಮಿಕರ ಕಾಯಿದೆಯು 14 ವರ್ಷದೊಳಗಿನ ಮಕ್ಕಳನ್ನು ಬೀಡಿ ಕೆಲಸಕ್ಕೆ ನೇಮಿಸಿಕೊಳ್ಳಬಾರದೆಂದು ನಿಷೇಧಿಸಿತು. ಆದರೆ ಮನೆಯವರೊಡನೆ ಸೇರಿ ಮಾಡುವ ಕೆಲಸಕ್ಕೆ ಅದರಲ್ಲಿ ವಿನಾಯಿತಿಯಿತ್ತು. ಬೀಡಿಯ ಕೆಲಸವೋ ಮನೆಯಲ್ಲಿಯೇ ನಡೆಯುವಂಥದು. ಸಾವಿರದ ಲೆಕ್ಕ ಮುಗಿಯದಿದ್ದಾಗ ಶಾಲೆಯಿಂದ ಬಂದ ಮಗಳು ಪುಸ್ತಕವನ್ನು ಬದಿಗಿಟ್ಟು ಕತ್ತರಿಯನ್ನು ಎತ್ತಿಕೊಳ್ಳುವಳು. ಅವಳನ್ನು ಯಾರೂ ಬಲವಂತ ಮಾಡುವುದಿಲ್ಲ. ತಾಯಿಯ ದಣಿವೇ ಅವಳನ್ನು ಕರೆಯುತ್ತದೆ. ಸಾವಿರಕ್ಕೆ ದೊರೆಯುವ ದರವು ಒಬ್ಬಳ ದುಡಿಮೆಯಿಂದ ಮನೆ ನಡೆಯುವಷ್ಟು ಇಲ್ಲದಿದ್ದರೆ, ಆ ದರದ ಕೊರತೆಯನ್ನು ಮಗುವಿನ ಆಟಪಾಠಗಳು ತುಂಬಬೇಕಾಗುತ್ತದೆ. ಆದುದರಿಂದ ನ್ಯಾಯವಾದ ಕೂಲಿಯೆಂಬುದು ತಾಯಿಯ ಹಕ್ಕು ಮಾತ್ರವಲ್ಲ, ಮಗಳ ಶಾಲೆಯ ಹಕ್ಕೂ ಹೌದು.

ಕಾಲ ಮತ್ತೂ ಬದಲಾಗಿದೆ. ದೇಶದ ಹಳೆಯ ಕಾರ್ಮಿಕ ಕಾನೂನುಗಳಲ್ಲಿ ಹಲವನ್ನು ಒಂದುಗೂಡಿಸಿ ರಚಿಸಿದ ನಾಲ್ಕು ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. 1966ರ ಬೀಡಿ ಕಾಯಿದೆಯೂ 1948ರ ಕನಿಷ್ಠ ವೇತನ ಕಾಯಿದೆಯೂ ಇವುಗಳಲ್ಲಿ ವಿಲೀನಗೊಂಡವು. ಮೊದಲು ಪಟ್ಟಿಯಲ್ಲಿ ಹೆಸರಿಸಿದ ಉದ್ಯೋಗಗಳಿಗಷ್ಟೇ ಅನ್ವಯಿಸುತ್ತಿದ್ದ ಕನಿಷ್ಠ ವೇತನವು ಹೊಸ ವೇತನ ಸಂಹಿತೆಯಲ್ಲಿ ಎಲ್ಲ ಉದ್ಯೋಗಗಳ ಕೆಲಸಗಾರರಿಗೂ ಅನ್ವಯಿಸುತ್ತದೆ. ಸಾಮಾಜಿಕ ಭದ್ರತೆಯ ಸಂಹಿತೆಯು ಮನೆಯಲ್ಲಿ ದುಡಿಯುವವರನ್ನು ಪ್ರತ್ಯೇಕವಾಗಿ ಹೆಸರಿಸಿದೆ. ಇನ್ನೊಂದೆಡೆ ಧೂಮಪಾನದ ಹಾನಿಯನ್ನು ಜನ ಅರಿತಂತೆ ಬೀಡಿಯ ಬಳಕೆಯನ್ನು ತಗ್ಗಿಸುವ ಯತ್ನಗಳೂ ನಡೆದಿವೆ. ಆರೋಗ್ಯದ ದೃಷ್ಟಿಯಿಂದ ಅದು ಸರಿಯೇ. ಆದರೆ ಆ ಸರಿಯಾದ ಕಾರ್ಯದ ಬೆಲೆಯನ್ನು ಬಡ ಕೆಲಸಗಾರಳೊಬ್ಬಳೇ ತೆರಬೇಕಾಗಬಾರದು. ಅವಳಿಗೆ ಬೇರೆ ಕೆಲಸದ ತರಬೇತಿಯೂ ಮಾರುಕಟ್ಟೆಯೂ ದೊರೆಯಬೇಕು. ಕಣ್ಣೂರಿನ ಸಹಕಾರ ಸಂಘವು ಬೀಡಿಯ ಮಾರಾಟ ಇಳಿಯತೊಡಗಿದಾಗ ಆಹಾರ ಪದಾರ್ಥ, ಕೊಡೆ, ಉಡುಪು ಮುಂತಾದವುಗಳ ತಯಾರಿಕೆಗೆ ತಿರುಗಿ ತನ್ನ ಸದಸ್ಯರಿಗೆ ಆಸರೆಯಾಯಿತು.

ಮನೆಯಲ್ಲಿ ದುಡಿಯುವವರ ಪ್ರಶ್ನೆ ಒಂದು ನಾಡಿಗೆ ಸೀಮಿತವಾದುದಲ್ಲ. 1996ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಇಂಥವರನ್ನು ಇತರ ಕೂಲಿಗಾರರೊಡನೆ ಸಮಾನವಾಗಿ ಕಾಣಬೇಕೆಂಬ ಒಪ್ಪಂದವನ್ನು ಅಂಗೀಕರಿಸಿತು. ಹಳೆಯ ಪ್ರಶ್ನೆಯು ಇಂದು ಹೊಸ ವೇಷದಲ್ಲಿಯೂ ಬಂದಿದೆ. ನಗರಗಳಲ್ಲಿ ದ್ವಿಚಕ್ರ ವಾಹನವನ್ನೇರಿ ಮನೆ ಮನೆಗೆ ಊಟವನ್ನೂ ಸಾಮಾನುಗಳನ್ನೂ ಮುಟ್ಟಿಸುವ ತರುಣನಿಗೆ ಕೆಲಸವನ್ನು ಹಂಚುವುದು ಕೈಯಲ್ಲಿರುವ ಮೊಬೈಲು. ಅವನೂ ಎಣಿಕೆಯ ಲೆಕ್ಕದಲ್ಲಿಯೇ ಕೂಲಿ ಪಡೆಯುತ್ತಾನೆ. ಅವನಿಗೂ ಯಜಮಾನನ ಮುಖ ಕಾಣದು. ಇಂಥವರಿಗಾಗಿ ಕರ್ನಾಟಕವು 2025ರಲ್ಲಿ ಪ್ರತ್ಯೇಕ ಕಾನೂನನ್ನು ಮಾಡಿ, ಕಂಪೆನಿಗಳಿಂದ ಶುಲ್ಕವನ್ನು ಪಡೆದು ಕಲ್ಯಾಣ ನಿಧಿಯನ್ನು ಕಟ್ಟುವ ಏರ್ಪಾಡು ಮಾಡಿತು. ಜಗಲಿಯ ಮೊರದಿಂದ ನಗರದ ರಸ್ತೆಯವರೆಗೆ ಪ್ರಶ್ನೆ ಒಂದೇ: ದುಡಿಮೆಯ ಫಲವನ್ನು ಪಡೆಯುವವನು ದುಡಿಯುವವರ ಹೊಣೆಯನ್ನೂ ಹೊರಬೇಕಲ್ಲವೆ?

ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಅದು ಬ್ರಾಂಚಿನ ಬಾಗಿಲವರೆಗೆ ನಡೆದು ಬರಬೇಕು. ಅಲ್ಲಿ ಅದಕ್ಕೆ ಆಧಾರವಾಗಿರುವುದು ಕೆಲಸಗಾರಳ ಕೈಯಲ್ಲಿರುವ ಚಿಕ್ಕ ಪಾಸುಪುಸ್ತಕ. ಪಡೆದ ಎಲೆ ಎಷ್ಟು, ಒಪ್ಪಿಸಿದ ಬೀಡಿ ಎಷ್ಟು, ತಿರಸ್ಕರಿಸಿದುದು ಎಷ್ಟು, ಸಂದ ಕೂಲಿ ಎಷ್ಟು ಎಂಬುದನ್ನು ಅದರಲ್ಲಿ ದಿನವೂ ಬರೆಯಬೇಕು. ಆ ಪುಸ್ತಕ ಅವಳ ಹೆಸರಿನಲ್ಲಿದ್ದರೆ ಅವಳು ಕೆಲಸಗಾರಳು. ಇಲ್ಲದಿದ್ದರೆ ಎಷ್ಟು ವರ್ಷ ದುಡಿದರೂ ಭವಿಷ್ಯ ನಿಧಿಯ ಕಚೇರಿಯಲ್ಲಿ ಅವಳು ಯಾರೂ ಅಲ್ಲ. ಒಂದೇ ಪುಸ್ತಕದಲ್ಲಿ ಇಬ್ಬರು ಮೂವರ ದುಡಿಮೆಯನ್ನು ಬರೆದಾಗ, ಹೆಸರಿಲ್ಲದವರ ವರ್ಷಗಳೆಲ್ಲ ಲೆಕ್ಕಕ್ಕೆ ಸಿಗದೆ ಹೋಗುತ್ತವೆ.

ಸಂಜೆಯ ಹೊತ್ತಿಗೆ ಕೆಲಸಗಾರಳು ಬೀಡಿಗಳನ್ನು ಒಪ್ಪಿಸಿ, ಮರುದಿನದ ಎಲೆಯನ್ನು ಚೀಲದಲ್ಲಿ ಹೊತ್ತು ಮನೆಗೆ ಮರಳುತ್ತಾಳೆ. ಚೀಲದ ಬದಿಯಲ್ಲಿ ಆ ಪುಸ್ತಕವಿರುತ್ತದೆ. ದೀಪದ ಬೆಳಕಿನಲ್ಲಿ ಅದನ್ನು ಬಿಡಿಸಿ, ಬರೆದ ಅಂಕಿಗಳನ್ನು ಓದಿ, ಕೂಡಿ, ಸರಿಯೋ ತಪ್ಪೋ ಎಂದು ಹೇಳಬಲ್ಲ ಒಬ್ಬ ಮಗನೋ ಮಗಳೋ ಆ ಮನೆಯಲ್ಲಿದ್ದರೆ, ನ್ಯಾಯದ ಮೊದಲ ಕಚೇರಿಯು ಆ ಜಗಲಿಯಲ್ಲಿಯೇ ತೆರೆದಂತಾಗುತ್ತದೆ.